ನುಸಿ (ಸೊಳ್ಳೆ) ತಡೆಯುವ ಕೆಲಸ ಮಾರ್ಚಿನಲ್ಲೇ, ತೋಟದಲ್ಲೇ ಶುರುವಾಗಲಿ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಮೇ ತಿಂಗಳ ಕೊನೆಗೆ ನಿಮ್ಮ ಪತ್ರಿಕೆಯ ಕಾಸರಗೋಡು ಪುಟದಲ್ಲಿ ಒಂದೇ ಬಗೆಯ ಚಿತ್ರ ಬರುತ್ತದೆ. ಪಂಚಾಯತ್ ಅಧ್ಯಕ್ಷರು, ವಾರ್ಡ್ ಸದಸ್ಯರು, ಕುಟುಂಬಶ್ರೀ ಮಹಿಳಾ ಸಂಘದವರು ಕತ್ತಿ ಹಾರೆ ಹಿಡಿದು ಪೇಟೆಯ ಚರಂಡಿ ಪಕ್ಕ ಸಾಲಾಗಿ ನಿಂತಿರುತ್ತಾರೆ. ಕೆಳಗೆ ‘ಮಳೆಗಾಲಪೂರ್ವ ಶುಚೀಕರಣ’ ಎಂದಿರುತ್ತದೆ. ಕೆಲಸ ಒಳ್ಳೆಯದೇ, ನನ್ನ ತಕರಾರಿಲ್ಲ. ಆದರೆ ಡೆಂಗ್ಯೂ ಮಟ್ಟಿಗೆ ಅದು ಹೊತ್ತು ಮೀರಿದ ಮೇಲೆ, ಬೇರೆಯೇ ಜಾಗದಲ್ಲಿ ನಡೆಯುತ್ತಿದೆ. ಅದನ್ನು ಹೇಳಲಿಕ್ಕೆಂದೇ ಈ ಪತ್ರ.

ಹೊತ್ತಿನ ವಿಷಯ ಮೊದಲು. ಕೇರಳಕ್ಕೆ ಮುಂಗಾರು ಜೂನ್ 1ಕ್ಕೆ ಎಂಬುದು ವಾಡಿಕೆ. 2023ರಲ್ಲಿ ಅದು ಬಂದದ್ದು ಜೂನ್ 8ಕ್ಕೆ. 2025ರಲ್ಲಿ ಮೇ 24ಕ್ಕೇ ಬಂತು. 2009ರ ನಂತರ ಅಷ್ಟು ಬೇಗ ಬಂದದ್ದಿಲ್ಲ. ಎರಡೇ ವರ್ಷದಲ್ಲಿ ಇಷ್ಟು ಹಿಂದೆ ಮುಂದೆ ಆಗುವ ಮಳೆಯನ್ನು ನಂಬಿ ಮೇ ಕೊನೆಗೆ ಶುಚೀಕರಣ ಇಟ್ಟುಕೊಂಡರೆ ಮಳೆಯಲ್ಲೇ ನೆನೆದು ಹಾರೆ ಹಿಡಿಯಬೇಕಾಗುತ್ತದೆ. ಅದಕ್ಕೂ ಮೊದಲೇ ಬೇಸಗೆಯ ನಡುವೆ ಬೀಳುವ ಒಂದೆರಡು ಗುಡುಗು ಮಳೆ ನುಸಿಗೆ ಧಾರಾಳ ಸಾಕು.

ಇನ್ನು ಜಾಗ. ಚರಂಡಿಯ ಕೊಳಚೆಯಲ್ಲಿ ಹೆಚ್ಚಾಗಿ ಹುಟ್ಟುವುದು ಕ್ಯೂಲೆಕ್ಸ್ ನುಸಿ. ರಾತ್ರಿ ಕಿವಿಯ ಹತ್ತಿರ ಹಾಡುವುದು ಅದು. ಡೆಂಗ್ಯೂ, ಚಿಕೂನ್‌ಗುನ್ಯಾ ಹರಡುವ ಈಡಿಸ್ ನುಸಿಗೆ ತಿಳಿನೀರು ಬೇಕು, ಅದೂ ಒಂದು ಬೊಗಸೆಯಷ್ಟಿದ್ದರೆ ಆಯಿತು. ಅದರಲ್ಲಿ ಎರಡು ಜಾತಿ. ಒಂದು ಪೇಟೆಯದ್ದು, ಮನೆಯೊಳಗಿನ ಟ್ಯಾಂಕಿ, ಡ್ರಮ್ಮು, ಫ್ರಿಡ್ಜಿನ ಹಿಂದಿನ ತಟ್ಟೆ ಅದಕ್ಕಿಷ್ಟ. ಇನ್ನೊಂದು ಈಡಿಸ್ ಆಲ್ಬೊಪಿಕ್ಟಸ್, ಕಪ್ಪು ಮೈಗೆ ಬಿಳಿ ಪಟ್ಟೆ, ಬೆನ್ನಿನ ನಡುವೆ ಒಂದೇ ಬಿಳಿ ಗೀಟು. ಇದು ತೋಟದ ನುಸಿ, ಹಗಲು ಕಚ್ಚುವುದು. 2007ರ ಹೊತ್ತಿಗೆ ಕೇರಳದಲ್ಲಿ ಚಿಕೂನ್‌ಗುನ್ಯಾ ವೈರಸ್ಸಿನಲ್ಲಿ ಆದ ಒಂದು ಸಣ್ಣ ಮಾರ್ಪಾಡಿನಿಂದ ಇದೇ ಜಾತಿಯ ನುಸಿಗೆ ಆ ಜ್ವರ ಹರಡುವುದು ಬಲು ಸಲೀಸಾಯಿತು ಎಂದು ವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ. ಆಗ ಗಂಟು ಹಿಡಿದವರಿಗೆ ಆ ನೋವು ಇನ್ನೂ ನೆನಪಿರಬಹುದು.

ಬದಿಯಡ್ಕ, ಪೆರ್ಲ, ಪೈವಳಿಕೆ ಕಡೆಯ ಯಾವುದೇ ಅಡಿಕೆ ತೋಟಕ್ಕೆ ಬಂದು ನೋಡಿ. ಸೋಗೆ ಬಿದ್ದಾಗ ಅದರ ಬುಡದ ಹಾಳೆ ದೋಣಿಯ ಹಾಗೆ ಮೇಲ್ಮುಖವಾಗಿ ಮಲಗುತ್ತದೆ. ಒಣಗಿದಷ್ಟೂ ಅಂಚು ಒಳಕ್ಕೆ ಸುರುಟಿಕೊಂಡು ಹೊಟ್ಟೆ ಆಳವಾಗುತ್ತದೆ. ಮೇಲಿನಿಂದ ಒಂದು ಮಳೆ ಬಿದ್ದರೆ ನೀರು ನಿಂತಿತು. ಮರದ ನೆರಳು ದಟ್ಟವಾಗಿರುವುದರಿಂದ ಅದು ಬೇಗ ಆರುವುದೂ ಇಲ್ಲ. ನಾಲ್ಕೈದು ದಿನ ಬಿಟ್ಟು ಆ ನೀರನ್ನು ಮೆಲ್ಲ ಒಂದು ಬಿಳಿ ತಟ್ಟೆಗೆ ಬಗ್ಗಿಸಿದರೆ ನೂಲಿನ ತುಂಡಿನಂಥ ಹುಳುಗಳು ತಲೆ ಕೆಳಗಾಗಿ ತೂಗುವುದು ಕಾಣುತ್ತದೆ. ತಟ್ಟೆಯ ಮೇಲೆ ಕೈಯ ನೆರಳು ಬಿದ್ದರೆ ಕೊಂಕುತ್ತಾ ತಳಕ್ಕೆ ಇಳಿಯುತ್ತವೆ. ಒಂದು ಮರ ವರ್ಷಕ್ಕೆ ಆರೇಳು ಹಾಳೆ ಉದುರಿಸುತ್ತದೆ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ 500ಕ್ಕೆ ಮೇಲೆ ಮರ. ಗುಣಿಸಿದರೆ ಎಕರೆಗೆ ವರ್ಷಕ್ಕೆ 3,000 ಹಾಳೆ! ಹಾಳೆ ತಟ್ಟೆಯ ಘಟಕದವರು ಒಳ್ಳೆಯವನ್ನು ಹೆಕ್ಕಿ ಒಯ್ಯುತ್ತಾರೆ; ಹರಿದದ್ದು, ಕಿರಿದಾದದ್ದು ತೋಟದಲ್ಲೇ ಉಳಿಯುತ್ತದೆ. ಇದರ ಜೊತೆಗೆ ತೆಂಗಿನ ಗೆರಟೆ, ಕೊಕ್ಕೋ ಸಿಪ್ಪೆ, ಹಾಲು ತೆಗೆಯುವುದು ನಿಲ್ಲಿಸಿದ ಮೇಲೂ ರಬ್ಬರ್ ಮರಕ್ಕೆ ನೇತಾಡುವ ಕಪ್ಪು, ಪಂಪ್ ಶೆಡ್ಡಿಗೆ ಹೊದೆಸಿದ ಟರ್ಪಾಲಿನ ಗುಳಿ, ಮದ್ದು ಬಿಡಲು ಇಟ್ಟ ಡ್ರಮ್ಮು.

ಹವೆ ಬಿಸಿಯಾಗುವುದಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಡೆಂಗ್ಯೂ ಇದ್ದವರ ರಕ್ತ ಕುಡಿದ ನುಸಿ ಕೂಡಲೇ ರೋಗ ಹರಡಲಾರದು. ವೈರಸ್ ಅದರ ಹೊಟ್ಟೆಯಿಂದ ಜೊಲ್ಲಿನ ಗ್ರಂಥಿಗೆ ಬರಬೇಕು. 25 ಡಿಗ್ರಿ ಬಿಸಿಯಲ್ಲಿ ಅದಕ್ಕೆ ಸುಮಾರು 15 ದಿನ ಹಿಡಿಯುತ್ತದೆ, 30 ಡಿಗ್ರಿಯಲ್ಲಿ ವಾರದೊಳಗೆ ಮುಗಿಯುತ್ತದೆ. ನುಸಿಯ ಆಯುಸ್ಸೇ ಎರಡು ಮೂರು ವಾರ. ಹಾಗಾಗಿ 25 ಡಿಗ್ರಿಯಲ್ಲಿ ರೋಗ ದಾಟಿಸುವ ಮೊದಲೇ ಹೆಚ್ಚಾಗಿ ಸಾಯುತ್ತಿದ್ದ ನುಸಿ 30 ಡಿಗ್ರಿಯಲ್ಲಿ ನಾಲ್ಕು ಮಂದಿಯನ್ನು ಮಲಗಿಸಿ ಸಾಯುತ್ತದೆ. ಬಿಸಿ ಏರಿದಷ್ಟೂ ಡೆಂಗ್ಯೂ ಏರುತ್ತದೆ ಎಂದೂ ಅಲ್ಲ, ಅತಿಯಾದರೆ ನುಸಿಯೂ ತಾಳಲಾರದು. ಆದರೆ ನೀರು ಬಿಟ್ಟು ತಂಪಾಗಿಟ್ಟ ಅಡಿಕೆ ತೋಟದ ನೆರಳು ಅದನ್ನು ಎಪ್ರಿಲ್ ಬಿಸಿಲಿನಿಂದಲೂ ಕಾಪಾಡುತ್ತದೆ. ಮೊಟ್ಟೆಗಂತೂ ನೀರಿನ ಹಂಗೇ ಇಲ್ಲ: ಒಣ ಹಾಳೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಕಾದು, ಮೊದಲ ಮಳೆಗೆ ಒಡೆಯುತ್ತದೆ. ಮಾರ್ಚಿನಲ್ಲೇ ಹಾಳೆ ಹೆಕ್ಕಿ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಜ್ವರ ಕಂಡ ಮೇಲೆ ಬರುವ ಫಾಗಿಂಗ್ ಯಂತ್ರದ ಬಗ್ಗೆ ಒಂದು ಮಾತು. ಆ ಹೊಗೆ ಹಾರಾಡುವ ನುಸಿಯನ್ನು ಮಾತ್ರ ಕೊಲ್ಲುತ್ತದೆ, ಹುಳು ಮೊಟ್ಟೆಗಳಿಗೆ ಏನೂ ಆಗುವುದಿಲ್ಲ. ವಾರದಲ್ಲಿ ಹೊಸ ಸಂತಾನ ರೆಡಿ. ಅದಲ್ಲದೆ ಎಣ್ಮಕಜೆಯಂಥ ಪಂಚಾಯತಿಗೆ ಹೋಗಿ ‘ಔಷಧಿ ಸಿಂಪಡಿಸುತ್ತೇವೆ’ ಎಂದರೆ ಜನ ಬಾಗಿಲು ಹಾಕಿಕೊಂಡರೆ ತಪ್ಪೇನು? ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು 2000ದ ತನಕ. ಆ ಕೀಟನಾಶಕವನ್ನೇ ದೇಶದಲ್ಲಿ ಸುಪ್ರೀಂ ಕೋರ್ಟ್ ತಡೆದದ್ದು 2011ರಲ್ಲಿ. ಆ ಮನೆಗಳಲ್ಲಿ ಹಾಸಿಗೆ ಹಿಡಿದವರು ಈಗಲೂ ಇದ್ದಾರೆ. ಅವರ ಅಂಜಿಕೆಯನ್ನು ಅಜ್ಞಾನ ಎಂದು ತಳ್ಳಿಹಾಕುವ ಅಧಿಕಾರಿಗಳನ್ನು ನಾನು ಒಪ್ಪುವುದಿಲ್ಲ. ಹಾಳೆ ಹೆಕ್ಕುವುದಕ್ಕೆ ಯಾವ ರಾಸಾಯನಿಕವೂ ಬೇಡ. ಉದ್ಯೋಗ ಖಾತ್ರಿಯಲ್ಲಿ ಇದಕ್ಕೆ ದಾರಿ ಮಾಡಿಕೊಡಬಹುದೇ ಎಂದು ಪಂಚಾಯತಿನವರು ಯೋಚಿಸಲಿ. ದೊಡ್ಡ ತೋಟದ ಯಜಮಾನರು ಅದಕ್ಕೂ ಕಾಯಬೇಕಾಗಿಲ್ಲ.

ಕೇರಳ-ಕರ್ನಾಟಕ ಗಡಿಯವರಾದ ನಮಗೆ ಮಾತ್ರ ಇರುವ ತೊಂದರೆ ಇನ್ನೊಂದು. ಜ್ವರ ಜೋರಾದರೆ, ಪ್ಲೇಟ್ಲೆಟ್ ಇಳಿದರೆ ನಾವು ಹೋಗುವುದು ಮಂಗಳೂರಿಗೆ, ದೇರಳಕಟ್ಟೆಗೆ, ಪುತ್ತೂರಿಗೆ. 2020ರ ಮಾರ್ಚಿನಲ್ಲಿ ಕೊರೋನಾ ಎಂದು ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಈ ಅವಲಂಬನೆ ಎಷ್ಟು ಎಂದು ದೇಶಕ್ಕೇ ಗೊತ್ತಾಯಿತು. ಚಿಕಿತ್ಸೆಗೆ ಹೋಗಲಾಗದೆ ಪ್ರಾಣ ಬಿಟ್ಟವರಿದ್ದಾರೆ. ರೋಗಿ ಗಡಿ ದಾಟಿದಾಗ ಅವನ ಜ್ವರದ ಲೆಕ್ಕ ಯಾವಾಗ, ಯಾರ ಮೂಲಕ ವಾಪಸು ನಮ್ಮ ವಾರ್ಡಿಗೆ ಬರುತ್ತದೆ? ನಮ್ಮ ಹತ್ತಿರದ ಒಂದು ಮನೆಯ ಹುಡುಗ ಅಲ್ಲಿ ಡೆಂಗ್ಯೂ ಎಂದು ಅಡ್ಮಿಟ್ ಆಗಿ ಗುಣವಾಗಿ ಬಂದ. ಅವನ ಮನೆಯ ಸುತ್ತ ನೀರು ನಿಂತಿದೆಯೇ ಎಂದು ನೋಡಲು ಆ ಮಧ್ಯೆ ಒಬ್ಬರೂ ಬರಲಿಲ್ಲ. ಆಶಾ ಕಾರ್ಯಕರ್ತೆಯನ್ನು ದೂರಿ ಫಲವಿಲ್ಲ, ಆಕೆಗೆ ಗೊತ್ತಾದದ್ದೇ ನಮ್ಮ ಬಾಯಿಂದ. ಕರ್ನಾಟಕ 2024ರಲ್ಲಿ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ನುಸಿ ಹುಟ್ಟಲು ಬಿಟ್ಟವರಿಗೆ ದಂಡವನ್ನೂ ಇಟ್ಟಿತು. ಕೇರಳದಲ್ಲಿ 2023ರ ಸಾರ್ವಜನಿಕ ಆರೋಗ್ಯ ಕಾಯಿದೆ ಇದೆ. ಎರಡೂ ಕಡೆ ಕಾನೂನಿದೆ, ನಡುವೆ ಒಂದು ಫೋನ್ ಕರೆ ಇಲ್ಲ ಎಂಬಂತಾಗಿದೆ. ಮಂಗಳೂರಿನ ಆಸ್ಪತ್ರೆಗಳಲ್ಲಿ ದಾಖಲಾದ ಕಾಸರಗೋಡಿನವರ ಪಟ್ಟಿಯನ್ನು ಪಂಚಾಯತ್ ಹೆಸರಿನ ಸಮೇತ ಅದೇ ದಿನ ಇಲ್ಲಿಗೆ ತಿಳಿಸುವ ವ್ಯವಸ್ಥೆಯನ್ನು ಎರಡು ಜಿಲ್ಲೆಯ ವೈದ್ಯಾಧಿಕಾರಿಗಳು ಕೂತು ಮಾಡಬಹುದು.

ತೋಟದ ಕೆಲಸದವರ ಬಗ್ಗೆಯೂ ಹೇಳಿಬಿಡುತ್ತೇನೆ. ಬೇಸಗೆಯಲ್ಲಿ ಮಧ್ಯಾಹ್ನ 12ರಿಂದ 3ರ ತನಕ ಬಿಸಿಲಲ್ಲಿ ದುಡಿಸಬಾರದು ಎಂದು ಕೇರಳ ಕಾರ್ಮಿಕ ಇಲಾಖೆ ವರ್ಷವೂ ಆದೇಶ ಹೊರಡಿಸುತ್ತದೆ. ರಸ್ತೆ, ಕಟ್ಟಡದ ಕೆಲಸದಲ್ಲಿ ಅದನ್ನು ನೋಡುವವರಿದ್ದಾರೆ, ಖಾಸಗಿ ತೋಟದೊಳಗೆ ಯಾರಿದ್ದಾರೆ? ಕರಾವಳಿಯಲ್ಲಿ 37 ಡಿಗ್ರಿ ಮುಟ್ಟಿದರೇ ಹವಾಮಾನ ಇಲಾಖೆ ಬಿಸಿಗಾಳಿಯ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಬಯಲುಸೀಮೆಗೆ 40 ಆಗಬೇಕು. ನಮ್ಮಲ್ಲಿ ಬೆವರು ಸುರಿಯುತ್ತದೆಯೇ ಹೊರತು ಆರುವುದಿಲ್ಲ, ಆರದ ಬೆವರಿನಿಂದ ಮೈ ತಣಿಯದು. ಮುಟ್ಟಾಳೆ (ಹಾಳೆಯ ಟೊಪ್ಪಿ) ಇಟ್ಟುಕೊಂಡು ಅಡಿಕೆ ಮರ ಏರಿದವನಿಗೆ ಮೇಲೆ ತಲೆ ತಿರುಗಿದರೆ ಹಿಡಿಯಲು ಏನೂ ಇಲ್ಲ. ಆರೂವರೆಗೆ ಶುರು ಮಾಡಿ ಹನ್ನೊಂದೂವರೆಗೆ ಇಳಿಸಿ, ಸಂಬಳ ಮುರಿಯಬೇಡಿ ಎಂದು ನನ್ನಂಥ ಕೃಷಿಕರಲ್ಲೇ ವಿನಂತಿ. ಮಳೆಗಾಲದಲ್ಲಿ ತೋಟದ ನೀರು ಹರಿಯುವ ಕಣಿಗೆ ಇಳಿಯುವವರಿಗೆ ಇಲಿಜ್ವರದ ಭಯ: ಇಲಿಯ ಮೂತ್ರ ಬೆರೆತ ನೀರು ಕಾಲಿನ ಗಾಯಕ್ಕೆ ತಾಗಿದರೆ ಸಾಕು. ವಾರಕ್ಕೊಮ್ಮೆ ತೆಗೆದುಕೊಳ್ಳುವ ಡಾಕ್ಸಿಸೈಕ್ಲಿನ್ ಮಾತ್ರೆಯ ಬಗ್ಗೆ ಆರೋಗ್ಯ ಕೇಂದ್ರದಲ್ಲಿ ಕೇಳಿ. ಜ್ವರದ ಜೊತೆ ಮೀನಖಂಡ ನೋವು, ಕಣ್ಣು ಕೆಂಪಾದರೆ ಮೆಡಿಕಲ್ ಶಾಪಿನ ಮಾತ್ರೆ ನುಂಗಿ ಮಲಗಬೇಡಿ. ಇಂಥ ಸೂಚನೆಗಳ ಕರಪತ್ರ ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಕನ್ನಡದಲ್ಲೂ ಸಿಗುವಂತಾಗಬೇಕು. ಭಾಷೆಯ ಜಗಳಕ್ಕೆ ಹೇಳಿದ್ದಲ್ಲ, ಕಣಿ ಬಿಡಿಸುವವನಿಗೆ ಓದಲಾಗಬೇಕಲ್ಲ.

ಕೊನೆಯದಾಗಿ ಒಂದು ಕೋರಿಕೆ, ಇದು ನಿಮಗೇ. ಅಡಿಕೆ ಧಾರಣೆ ನಿಮ್ಮ ಪತ್ರಿಕೆಯಲ್ಲಿ ತಪ್ಪದೆ ಬರುತ್ತದೆ, ನಾವು ಬೆಳಗ್ಗೆ ಮೊದಲು ನೋಡುವುದೂ ಅದನ್ನೇ. ಮಾರ್ಚಿನಿಂದ ಅಕ್ಟೋಬರ್ ತನಕ ವಾರಕ್ಕೊಮ್ಮೆ ಅದರ ಪಕ್ಕದಲ್ಲೇ ಗಡಿಯ ಎರಡೂ ಬದಿಯ ಪಂಚಾಯತುಗಳ ಡೆಂಗ್ಯೂ, ಇಲಿಜ್ವರದ ಸಂಖ್ಯೆ ಕೇಳಿ ತರಿಸಿ ಹಾಕುತ್ತೀರಾ?

ಇತಿ,
ಒಬ್ಬ ಅಡಿಕೆ ಕೃಷಿಕ
ಬದಿಯಡ್ಕ, ಕಾಸರಗೋಡು ಜಿಲ್ಲೆ