ಕಾರಿನೊಳಗೆ ಒಂಟಿ ಮಗು: ಜಗಳ ಆಮೇಲೆ, ಬಾಗಿಲು ಮೊದಲು

ಮಾನ್ಯರೇ,

‘ಎರಡೇ ನಿಮಿಷ’ ಎಂದು ಮಗುವನ್ನು ಕಾರಿನಲ್ಲೇ ಬಿಟ್ಟು ಅಂಗಡಿಗೆ ಹೋಗುವವರು ಬೇಸಿಗೆಯಲ್ಲೂ ಕಾಣುತ್ತಾರೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಸೆಲ್ಸಿಯಸ್ ಶಾಖ ಏರುತ್ತದೆ. ಕಿಟಕಿ ಎರಡು ಬೆರಳಷ್ಟು ಇಳಿಸಿದರೂ ಹೆಚ್ಚು ಪ್ರಯೋಜನವಿಲ್ಲ. ಮಗುವಿನ ಮೈ ದೊಡ್ಡವರಿಗಿಂತ ಮೂರರಿಂದ ಐದು ಪಟ್ಟು ಬೇಗ ಕಾಯುತ್ತದೆ. ಎ.ಸಿ. ಹಾಕಿಟ್ಟು ಹೋದರೆ ಮಗು ಗೇರ್ ಎಳೆದೀತು, ಪವರ್ ವಿಂಡೋಗೆ ಕತ್ತು ಸಿಕ್ಕಿಸಿಕೊಂಡೀತು.

ಕಂಡವರು ಮೊದಲು ಗಾಜು ತಟ್ಟಿ ನೋಡಿ. ಮಗು ಚುರುಕಾಗಿದ್ದರೆ ಒಬ್ಬರು ಕಾರಿನ ಬಳಿಯೇ ನಿಂತು, ಇನ್ನೊಬ್ಬರು ಗಾಡಿ ನಂಬರನ್ನು ಅಂಗಡಿಯ ಮೈಕಿನಲ್ಲಿ ಕೂಗಿಸಲಿ. ಮಂಪರು, ವಾಂತಿ, ಕೆಂಪೇರಿದ ಬಿಸಿ ಚರ್ಮ ಕಂಡರೆ ಕಾಯಬೇಡಿ, 112ಕ್ಕೆ ಕರೆ ಮಾಡಿ. ಬಾಗಿಲು ತೆರೆಯದಿದ್ದರೆ ಮಗುವಿನಿಂದ ದೂರವಿರುವ ಬದಿಯ ಕಿಟಕಿಯ ಮೂಲೆಗೆ ಗಟ್ಟಿ ಚೂಪು ವಸ್ತುವಿನಿಂದ ಹೊಡೆಯಿರಿ. ಚಾಲಕನ ಎದುರಿನ ದೊಡ್ಡ ಗಾಜಿನ ತಂಟೆಗೆ ಹೋಗಬೇಡಿ. ಅದರ ನಡುವೆ ಪ್ಲಾಸ್ಟಿಕ್ ಪದರ ಇರುವುದರಿಂದ ಬಿರುಕು ಬಿಟ್ಟರೂ ಕಳಚುವುದಿಲ್ಲ. ಹೊರತೆಗೆದ ಮಗುವನ್ನು ನೆರಳಿಗೊಯ್ದು ಒದ್ದೆ ಬಟ್ಟೆಯಿಂದ ಮೈ ಒರೆಸಿ ಗಾಳಿ ಹಾಕಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ನೀರು ಹಾಕಲೇಬೇಡಿ.

ತಂದೆತಾಯಿ ಬಂದಾಗ ‘ಬುದ್ಧಿ ಇಲ್ವೇನ್ರೀ’ ಎಂದರೆ ಅವರು ಸಿಟ್ಟಿಗೆದ್ದು ಹೊರಟೇ ಬಿಡುತ್ತಾರೆ, ಮಗುವನ್ನು ಯಾರೂ ನೋಡಿದಂತಾಗುವುದಿಲ್ಲ. ‘ಮಗು ತುಂಬಾ ಬೆವರಿದೆ, ಮೊದಲು ಎತ್ಕೊಳ್ಳಿ ಅಮ್ಮಾ’ ಎನ್ನಿ. ಅವರ ಮುಖಕ್ಕೆ ಮೊಬೈಲ್ ಹಿಡಿದು ವಿಡಿಯೊ ಮಾಡುವುದು ಸಹಾಯವಲ್ಲ. ಪದೇ ಪದೇ ಹೀಗೆ ಬಿಡುವವರಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ.

– ಓದುಗರು