ಜೆರಾರ್ಡ್ ಯಾಕೆ ಹೊರಟ? ಅಪ್ಪನಿಗೊಂದು ಪತ್ರ

ಲಿವರ್‌ಪೂಲ್
28 ಮೇ 2015

ಪ್ರೀತಿಯ ಅಪ್ಪನಿಗೆ ಮಗಳ ನಮಸ್ಕಾರಗಳು.

ನಾನಿಲ್ಲಿ ಚೆನ್ನಾಗಿದ್ದೇನೆ. ಅಮ್ಮನ ಮಂಡಿನೋವು ಈಗ ಹೇಗಿದೆ? ಡಾಕ್ಟರ್ ಹೇಳಿಕೊಟ್ಟ ವ್ಯಾಯಾಮ ದಿನಾ ಮಾಡಬೇಕು ಅಂತ ನೀವೇ ಸ್ವಲ್ಪ ಗದರಿ ಹೇಳಿ. ಫೋನಿನಲ್ಲಿ ನಾನು ಹೇಳಿದರೆ ಹೂಂ ಅಂತಾಳೆ, ಅಷ್ಟೇ. ಸಾರಿನ ಪುಡಿ, ಹುಣಸೆಹಣ್ಣು ಎಲ್ಲಾ ಬಂದು ತಲುಪಿತು. ಮೇ ಮುಗಿಯುತ್ತಾ ಬಂದರೂ ಇಲ್ಲಿ ಸ್ವೆಟರ್ ಬಿಡುವ ಹಾಗಿಲ್ಲ.

ಭಾನುವಾರ ಫೋನಿನಲ್ಲಿ ನೀವು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಹೇಳಲು ಆಗಲಿಲ್ಲ, ಡ್ಯೂಟಿಗೆ ಹೊರಟಿದ್ದೆ. “ಜೆರಾರ್ಡ್ ಯಾಕೆ ಲಿವರ್‌ಪೂಲ್ ಫುಟ್‌ಬಾಲ್ ಕ್ಲಬ್ ಬಿಟ್ಟು ಹೋದ? ಅಷ್ಟು ವರ್ಷ ಕ್ಯಾಪ್ಟನ್ ಆಗಿದ್ದವನು ನಾಲ್ಕು ಮ್ಯಾಚ್ ಬೆಂಚಿನಲ್ಲಿ ಕೂತಿದ್ದರೆ ಗಂಟೇನು ಹೋಗುತ್ತಿತ್ತು?” ಅಂದಿರಿ. ಅಪ್ಪ, ಇದೇ ಪ್ರಶ್ನೆ ಹಿಡಿದುಕೊಂಡು ಈ ಊರು ಜನವರಿಯಿಂದ ವಾದ ಮಾಡುತ್ತಿದೆ. ವಾರ್ಡಿನಲ್ಲಿ, ಬಸ್ಸಿನಲ್ಲಿ, ನಾವು ಟೀ ಕುಡಿಯುವ ಕೋಣೆಯಲ್ಲಿ, ಎಲ್ಲಿ ನೋಡಿದರೂ ಅದೇ ಮಾತು. ಕೇಳಿ ಕೇಳಿ ನನಗೂ ಒಂದು ಅಭಿಪ್ರಾಯ ಗಟ್ಟಿಯಾಗಿದೆ. 1977ರಲ್ಲಿ ನಿಮ್ಮ ಐಟಿಐ ಕಾರ್ಖಾನೆಯ ಫುಟ್‌ಬಾಲ್ ತಂಡ ಮೊದಲ ಫೆಡರೇಷನ್ ಕಪ್ ಗೆದ್ದ ಕಥೆ ಹೇಳಿಕೊಂಡೇ ನಮ್ಮನ್ನು ಬೆಳೆಸಿದಿರಿ. ನಿಮಗಲ್ಲದೆ ಇದನ್ನು ಇನ್ಯಾರಿಗೆ ಬರೆಯಲಿ?

ಮೊದಲು ಅವನು ಈ ಊರಿಗೆ ಏನು ಅಂತ ಹೇಳಬೇಕು. ಟಿವಿಯಲ್ಲಿ ನೋಡಿದರೆ ಅದು ಪೂರ್ತಿ ಗೊತ್ತಾಗಲ್ಲ. ಜೆರಾರ್ಡ್ ಹೈಟನ್‌ನವನು. ಇಲ್ಲಿಂದ ಬಸ್ಸು ಹತ್ತಿದರೆ ಸಿಗುವ ಜಾಗ ಅದು, ಕೂಲಿಕಾರರ ಮನೆಗಳೇ ಜಾಸ್ತಿ. 1989ರಲ್ಲಿ ಹಿಲ್ಸ್‌ಬರೋ ಸ್ಟೇಡಿಯಂನಲ್ಲಿ ನೂಕುನುಗ್ಗಲಾಗಿ ಲಿವರ್‌ಪೂಲ್‌ನ 96 ಅಭಿಮಾನಿಗಳು ಸತ್ತರಲ್ಲ, ಅವರಲ್ಲಿ ಎಲ್ಲರಿಗಿಂತ ಚಿಕ್ಕವನು ಜೆರಾರ್ಡ್‌ನ ಕಸಿನ್ ಒಬ್ಬ ಹುಡುಗ. ಹತ್ತು ವರ್ಷ. ಅದರ ವಿಚಾರಣೆ ಈಗ ಮತ್ತೆ ವಾರಿಂಗ್ಟನ್‌ನಲ್ಲಿ ನಡೆಯುತ್ತಿದೆ, ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಹಾಗಾಗಿ ಅವನು ಇವರಿಗೆ ಬರೀ ಒಬ್ಬ ಆಟಗಾರನಲ್ಲ. ಇವರ ಮನೆಯ ಸಾವುನೋವು ಅವನ ಮನೆಯಲ್ಲೂ ಆಗಿದೆ.

23 ವರ್ಷಕ್ಕೇ ಕ್ಯಾಪ್ಟನ್ ಆದ, 2003ರಲ್ಲಿ. 2005ರ ಇಸ್ತಾನ್‌ಬುಲ್‌ನ ಚಾಂಪಿಯನ್ಸ್ ಲೀಗ್ ಫೈನಲ್ ನಿಮಗೆ ನೆನಪಿದೆ, ನಡುರಾತ್ರಿ ನೀವು ಕಿರುಚಿಕೊಂಡಿದ್ದಕ್ಕೆ ಅಮ್ಮ ಎದ್ದು ಬಂದಿದ್ದಳು. ಎಸಿ ಮಿಲಾನ್ ಮೇಲೆ ಅರ್ಧ ಆಟಕ್ಕೆ 3-0 ಹಿಂದೆ, ಜೆರಾರ್ಡ್ ತಲೆಯಲ್ಲಿ ಹೊಡೆದ ಗೋಲಿನಿಂದ ಎಲ್ಲಾ ತಿರುಗಿತು. ಮೊನ್ನೆ ಸೋಮವಾರಕ್ಕೆ ಅದಕ್ಕೆ ಹತ್ತು ವರ್ಷ. ಅದೇ ಬೇಸಿಗೆ ಲಂಡನ್ನಿನ ಚೆಲ್ಸಿ ಕ್ಲಬ್ ಅವನನ್ನು ಕೊಳ್ಳಲು ಬಂತು. ಇನ್ನೇನು ಹೋಗಿಯೇಬಿಟ್ಟ ಅನ್ನುವಾಗ ನಿಂತ. ದುಡ್ಡಿಗೆ ಹೋಗುವವನಾಗಿದ್ದರೆ ಆಗಲೇ ಹೋಗುತ್ತಿದ್ದ ಅಂತ ಇಲ್ಲಿ ಎಲ್ಲರೂ ಒಪ್ಪುತ್ತಾರೆ. ಜಗಳ ಇರುವುದು ಬೇರೆ ಕಡೆ.

ಹೋದ ವರ್ಷ ಇಂಗ್ಲೆಂಡಿನ ಲೀಗ್ ಪಟ್ಟ ಕೈತಪ್ಪಿದ್ದು ನೀವೂ ನೋಡಿದ್ದೀರಿ, ಮ್ಯಾಂಚೆಸ್ಟರ್ ಸಿಟಿಗಿಂತ ಎರಡೇ ಪಾಯಿಂಟ್ ಕಡಿಮೆ. ಮ್ಯಾನೇಜರ್ ಬ್ರೆಂಡನ್ ರಾಜರ್ಸ್ ಆಗ ಜೆರಾರ್ಡ್‌ನನ್ನು ಹಿಂದಕ್ಕೆ ಸರಿಸಿ, ಡಿಫೆನ್ಸಿನ ಮುಂದೆಯೇ ನಿಲ್ಲಿಸಿದ್ದರು. ಓಡುವುದು ಕಡಿಮೆ, ಉದ್ದ ಪಾಸು ಜಾಸ್ತಿ. ಮುಂದೆ ಗೋಲು ಹೊಡೆಯಲು ಸುವಾರೆಜ್, ಸ್ಟರಿಜ್ ಇದ್ದಾಗ ಅದು ಚೆನ್ನಾಗಿ ನಡೆಯಿತು. ಸುವಾರೆಜ್ ಬಾರ್ಸಿಲೋನಾಗೆ ಹೋದ, ಸ್ಟರಿಜ್ ಗಾಯ ಮಾಡಿಕೊಂಡು ಕೂತ. ಆಮೇಲೆ ಎದುರಾಳಿಗಳು ಒಂದು ಕಲಿತರು. ಜೆರಾರ್ಡ್ ಕಾಲಿಗೆ ಚೆಂಡು ಬಂದ ತಕ್ಷಣ ಒಬ್ಬನನ್ನು ಮೇಲೆ ಬಿಡುವುದು. ತಿರುಗಿ ನೋಡುವಷ್ಟರಲ್ಲಿ ಚೆಂಡು ಹೋಗಿರುತ್ತಿತ್ತು. ನೀವು ಹೇಳುತ್ತಿದ್ದಿರಲ್ಲ, ವಯಸ್ಸಾದ ಆಟಗಾರನಿಗೆ ಕಾಲು ಹೋದರೂ ಕಣ್ಣು ಹೋಗಲ್ಲ ಅಂತ. ನಿಜ ಅಪ್ಪ, ಅವನ ಕಣ್ಣು ಹೋಗಿರಲಿಲ್ಲ. ಆದರೆ ಆ ಜಾಗದಲ್ಲಿ ಕಣ್ಣಿಗೆ ಸಮಯ ಕೊಡಬೇಕಾದ್ದು ಕಾಲೇ.

ನವೆಂಬರ್ 29ಕ್ಕೆ ಸ್ಟೋಕ್ ಮೇಲೆ ಮ್ಯಾಚು. ಅವನು ಮೊದಲ ಸಲ ಲಿವರ್‌ಪೂಲ್‌ಗೆ ಆಡಿದ್ದು 1998ರ ಅದೇ ದಿನ. ಅವತ್ತೇ ಅವನನ್ನು ಬೆಂಚಿನಲ್ಲಿ ಕೂರಿಸಿದರು. ತಂಡ 1-0 ಗೆದ್ದಿತು, ಅದಕ್ಕೆ ಯಾರೂ ಜೋರಾಗಿ ಬೈಯಲೂ ಆಗಲಿಲ್ಲ. ಆ ಹೊತ್ತಿಗೆ ರಾಜರ್ಸ್ ಅವನನ್ನು ಕೂರಿಸಿಕೊಂಡು, ಇನ್ನು ಮುಂದೆ ಎಲ್ಲಾ ಮ್ಯಾಚ್ ಆಡಿಸಲು ಆಗಲ್ಲ, ನೋಡಿ ನೋಡಿ ಆಡಿಸಬೇಕಾಗುತ್ತದೆ ಅಂತ ಹೇಳಿದ್ದರು. ಆ ಮಾತೇ ತನ್ನ ತೀರ್ಮಾನಕ್ಕೆ ಕಾರಣ ಅಂತ ಜೆರಾರ್ಡ್ ಆಮೇಲೆ ತಾನೇ ಹೇಳಿದ. ಜನವರಿ 2ಕ್ಕೆ ಸುದ್ದಿ ಹೊರಗೆ ಬಂತು.

ಆಗ ಶುರುವಾಯಿತು ನೋಡಿ. ನಮ್ಮ ವಾರ್ಡಿನಲ್ಲಿ ಒಬ್ಬ ಪೋರ್ಟರ್ ಹುಡುಗ ಇದ್ದಾನೆ, ರೋಗಿಗಳ ಗಾಲಿಮಂಚ ತಳ್ಳಿಕೊಂಡು ಹೋಗುವವನು. ಅವನಂತೂ ಎರಡು ದಿನ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. “ಮ್ಯಾಂಚೆಸ್ಟರ್ ಯುನೈಟೆಡ್‌ನವರು ತಮ್ಮ ಹಳೆಯ ಆಟಗಾರ ಗಿಗ್ಸ್‌ನನ್ನು 40 ವರ್ಷದವರೆಗೆ ಇಟ್ಟುಕೊಂಡರು. ವಾರಕ್ಕೊಂದು ಮ್ಯಾಚ್, ಒಂದೊಂದು ಸಲ ಅರ್ಧ ಮ್ಯಾಚ್. ನಮಗೆ ಅಷ್ಟೂ ಬರಲ್ವಾ?” ಅಂತ ಅವನ ವಾದ. ಆಗ ವಾರ್ಡಿನಲ್ಲಿ ಹಡಗುಕಟ್ಟೆಯಲ್ಲಿ ದುಡಿದ ಒಬ್ಬ ಅಜ್ಜ ಇದ್ದರು. ಹಳೆಯ ಕಾಲದವರು, ಕ್ಯಾಪ್ಟನ್ ಪರ ಮಾತಾಡುತ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದೆವು. ಅವರು ಆಕ್ಸಿಜನ್ ಮಾಸ್ಕ್ ಪಕ್ಕಕ್ಕೆ ಸರಿಸಿ, “ಶ್ಯಾಂಕ್ಲಿ ರಾನ್ ಯೇಟ್ಸ್‌ನನ್ನೇ ಬಿಟ್ಟ” ಅಂದರು. ಇನ್ನೊಂದು ಮಾತು ಆಡುವ ಮೊದಲೇ ನಾನು ಮಾಸ್ಕ್ ಮತ್ತೆ ಹಾಕಬೇಕಾಯಿತು.

ಆ ಕಥೆ ಆಮೇಲೆ ತಿಳಿದುಕೊಂಡೆ. ಬಿಲ್ ಶ್ಯಾಂಕ್ಲಿ ಅಂದರೆ ಇಲ್ಲಿ ದೇವರ ಸಮಾನ, ಈ ಕ್ಲಬ್ಬನ್ನು ಕಟ್ಟಿ ನಿಲ್ಲಿಸಿದ ಮ್ಯಾನೇಜರ್. 1970ರಲ್ಲಿ ವಾಟ್‌ಫರ್ಡ್ ಅನ್ನುವ ಸಣ್ಣ ತಂಡದ ಮೇಲೆ ಎಫ್‌ಎ ಕಪ್‌ನಲ್ಲಿ ಸೋತ ಮೇಲೆ ಅವರು ತಮ್ಮ ಹಳೆಯ ತಂಡವನ್ನೇ ಒಡೆದು ಹೊಸದು ಮಾಡಿದರು. ಗೋಲ್‌ಕೀಪರ್ ಲಾರೆನ್ಸ್, ಇಯಾನ್ ಸೇಂಟ್ ಜಾನ್, ಕ್ಯಾಪ್ಟನ್ ಯೇಟ್ಸ್, ಎಲ್ಲರೂ ಒಬ್ಬೊಬ್ಬರಾಗಿ ಹೊರಗೆ. 1965ರಲ್ಲಿ ಕ್ಲಬ್‌ಗೆ ಮೊದಲ ಎಫ್‌ಎ ಕಪ್ ತಂದ ಕ್ಯಾಪ್ಟನ್ ಅವನು! ಹಾಗೆ ಮಾಡಿದ್ದಕ್ಕೇ ಎಪ್ಪತ್ತರ ದಶಕದ ಗೆಲುವುಗಳು ಬಂದವು ಅನ್ನುವುದು ಅಜ್ಜನ ಲೆಕ್ಕ. ಪೋರ್ಟರ್ ಹುಡುಗ ಬಗ್ಗಲಿಲ್ಲ. ಶ್ಯಾಂಕ್ಲಿ ಹತ್ತಿರ ಕೀಗನ್‌ನಂಥ ಹೊಸ ಹುಡುಗರು ಬಂದರು, ಇವರ ಹತ್ತಿರ ಯಾರಿದ್ದಾರೆ ಅಂತ ಕೇಳಿದ. ಅದೂ ಸರಿಯಾದ ಪ್ರಶ್ನೆಯೇ. ಸುವಾರೆಜ್ ಮಾರಿದ ದುಡ್ಡಲ್ಲಿ ತಂದವರು ಯಾರೂ ಆ ಜಾಗ ತುಂಬಲಿಲ್ಲ.

ನನ್ನ ಅಭಿಪ್ರಾಯ ಕೇಳಿ ಅಪ್ಪ. ಆಡಿಸುವುದನ್ನು ಕಡಿಮೆ ಮಾಡಿದ್ದು ತಪ್ಪಲ್ಲ. 34 ದಾಟಿದ ಮಿಡ್‌ಫೀಲ್ಡರ್ ಬುಧವಾರ, ಶನಿವಾರ ಎರಡೂ ಆಡಿದರೆ ಎರಡೂ ಕೆಡುತ್ತದೆ. ರಾಜರ್ಸ್ ಅದನ್ನು ಎದುರು ಕೂರಿಸಿಕೊಂಡು ಹೇಳಿದ್ದು ಒಳ್ಳೆಯದೇ. ತಪ್ಪಾಗಿದ್ದು ಅದಕ್ಕೂ ಮುಂಚೆ. ಹೋದ ಜುಲೈನಲ್ಲಿ ಜೆರಾರ್ಡ್ ಇಂಗ್ಲೆಂಡ್ ತಂಡ ಬಿಟ್ಟ. ಯಾಕೆ? ಇರುವ ಶಕ್ತಿಯೆಲ್ಲಾ ಕ್ಲಬ್‌ಗೇ ಇಟ್ಟುಕೊಳ್ಳಲು. ಅವನ ಕಾಂಟ್ರ್ಯಾಕ್ಟ್ ಕೊನೆಯ ವರ್ಷಕ್ಕೆ ಬಂದಿತ್ತು. ಆಗಲೇ ಕಾಗದ ಮುಂದಿಟ್ಟಿದ್ದರೆ ಸಹಿ ಹಾಕಿಬಿಡುತ್ತಿದ್ದೆ ಅಂತ ಅವನೇ ಬಾಯಿಬಿಟ್ಟು ಹೇಳಿದ್ದಾನೆ. ಬೇಸಿಗೆಯೆಲ್ಲಾ ಕಳೆಯಿತು, ಯಾರೂ ಕೇಳಲಿಲ್ಲ. ಕೇಳಿದ್ದು ನವೆಂಬರ್ ಹೊತ್ತಿಗೆ, ಅದೂ ಬೆಂಚಿನ ಮಾತಿನ ಜೊತೆಜೊತೆಗೆ. ಮದುವೆಗೆ ಊರನ್ನೆಲ್ಲಾ ಕರೆದು, ಧಾರೆಯ ಹಿಂದಿನ ದಿನ ಸೋದರಮಾವನಿಗೆ ಫೋನ್ ಮಾಡಿದ ಹಾಗೆ. ಮಾವ ಬರಲಿಲ್ಲ ಅಂತ ಆಮೇಲೆ ಅಂದುಕೊಂಡರೆ ಆಗುತ್ತಾ?

ನಮ್ಮ ವಾರ್ಡಿನ ಸಿಸ್ಟರ್ ಇನ್‌ಚಾರ್ಜ್ ಇದನ್ನೇ ಬೇರೆ ಥರ ಹೇಳಿದರು. ಜುಲೈನಲ್ಲಿ ಕೇಳಿದ್ದರೆ ಕಡಿಮೆ ಆಡುವುದಕ್ಕೂ ಅವನು ಮನಸ್ಸು ಹದ ಮಾಡಿಕೊಳ್ಳುತ್ತಿದ್ದ, ಮುಂದೆ ಕೋಚ್ ಆಗುವ ಮಾತೂ ಜೊತೆಗೇ ಆಗುತ್ತಿತ್ತು ಅಂತ. ನನಗೂ ಹಾಗೇ ಅನ್ನಿಸುತ್ತದೆ. ಆದರೆ ಜೆರಾರ್ಡ್ ಒಬ್ಬರನ್ನೂ ದೂರಲಿಲ್ಲ. ಸಿಟ್ಟಿಲ್ಲ ಅಂದ. ಲಿವರ್‌ಪೂಲ್ ಎದುರು ಆಡುವಂಥ ಕ್ಲಬ್‌ಗೆ ಹೋಗಲ್ಲ ಅಂದ, ಅಮೆರಿಕದ ಲಾಸ್ ಏಂಜಲಿಸ್ ಗ್ಯಾಲಕ್ಸಿ ಕ್ಲಬ್‌ಗೆ ಹೊರಟ. ಲ್ಯಾಂಪಾರ್ಡ್ ಮ್ಯಾಂಚೆಸ್ಟರ್ ಸಿಟಿ ಅಂಗಿ ಹಾಕಿಕೊಂಡು ಬಂದು ತನ್ನ ಹಳೆಯ ಚೆಲ್ಸಿ ಮೇಲೇ ಗೋಲು ಹೊಡೆದಿದ್ದು ಈ ಸೀಸನ್ನಿನಲ್ಲೇ ಆಗಿತ್ತಲ್ಲ. ಹಾಗಾಗಿ ಆ ಒಂದು ಮಾತಿಗೆ ಇಲ್ಲಿಯವರು ತುಂಬಾ ಬೆಲೆ ಕೊಟ್ಟರು.

ಬೆಂಚು ಅವನಿಂದ ಆಗುತ್ತಿರಲಿಲ್ಲ ಅನ್ನುವುದಕ್ಕೆ ಮಾರ್ಚ್ 22ರ ಮ್ಯಾಚೇ ಸಾಕು. ಎದುರಿಗೆ ಮ್ಯಾಂಚೆಸ್ಟರ್ ಯುನೈಟೆಡ್. ಅರ್ಧ ಆಟ ಹೊರಗೆ ಕೂತು ನೋಡಿದ. ಎರಡನೇ ಅರ್ಧಕ್ಕೆ ಇಳಿದ, 38 ಸೆಕೆಂಡಿಗೆ ಎದುರಾಳಿ ಹೆರೇರಾನ ಕಾಲು ತುಳಿದು ರೆಡ್ ಕಾರ್ಡ್ ತೆಗೆದುಕೊಂಡು ಹೊರಗೆ ಹೋದ. ಆಮೇಲೆ ಟಿವಿ ಮುಂದೆ ನಿಂತು ತನ್ನದೇ ತಪ್ಪು ಅಂತ ಕ್ಷಮೆ ಕೇಳಿದ. ಅವತ್ತಿನ ನಂತರ ಪೋರ್ಟರ್ ಹುಡುಗ ಗಿಗ್ಸ್ ಹೆಸರು ಎತ್ತಿಲ್ಲ.

ಈಗ 16ನೇ ತಾರೀಖಿನ ವಿಷಯ ಹೇಳುತ್ತೇನೆ. ಕ್ಲಬ್ಬಿನ ಸ್ವಂತ ಸ್ಟೇಡಿಯಂ ಆನ್‌ಫೀಲ್ಡ್‌ನಲ್ಲಿ ಅವನ ಕೊನೆಯ ಮ್ಯಾಚು, ಕ್ರಿಸ್ಟಲ್ ಪ್ಯಾಲೆಸ್ ಮೇಲೆ. ಟಿಕೆಟ್ ಸಿಗುವ ಮಾತೇ ಇರಲಿಲ್ಲ. ಸ್ಟೇಡಿಯಂ ಹತ್ತಿರ ಒಂದು ಪಬ್‌ನಲ್ಲಿ ನಾನು, ನನ್ನ ಜೊತೆ ಕೆಲಸ ಮಾಡುವ ಇಬ್ಬರು ನಿಂತು ನೋಡಿದೆವು. ದಾರಿಯುದ್ದಕ್ಕೂ ಅವನ ಮುಖ ಇರುವ ಸ್ಕಾರ್ಫ್ ಮಾರುತ್ತಿದ್ದರು. ನಮ್ಮ ಪಕ್ಕದಲ್ಲಿ ಒಬ್ಬ ಅಪ್ಪ, ಒಬ್ಬ ಮಗ. ಮಗನಿಗೆ ಇಪ್ಪತ್ತು ಇರಬಹುದು. ಮ್ಯಾಚ್ ಶುರುವಾಗುವವರೆಗೂ ಅವರದು ಇದೇ ವಾದ. ಇನ್ನೊಂದು ವರ್ಷ ಇರಬೇಕಿತ್ತು ಅಂತ ಅಪ್ಪ, ನೋಡಲು ಸಂಕಟ ಆಗುತ್ತೆ, ಹೋಗಲಿ ಬಿಡು ಅಂತ ಮಗ. ಅಷ್ಟರಲ್ಲಿ ಎರಡೂ ತಂಡದವರು ಸಾಲಾಗಿ ನಿಂತರು. ಜೆರಾರ್ಡ್ ಮೂರು ಹೆಣ್ಣುಮಕ್ಕಳ ಜೊತೆ ನಡುವೆ ನಡೆದು ಬಂದ. ಗೋಲಿನ ಹಿಂದಿರುವ ಕಾಪ್ ಸ್ಟ್ಯಾಂಡಿನಲ್ಲಿ ಜನ ಕಾರ್ಡ್ ಎತ್ತಿ ಹಿಡಿದು ಅವನ ಹೆಸರಿನ ಅಕ್ಷರ, 8ನೇ ನಂಬರು ಬರೆದಿದ್ದರು. ಮಗ ಟೋಪಿ ತೆಗೆದ. ಅಪ್ಪ ಅವನ ಹೆಗಲ ಮೇಲೆ ಕೈ ಹಾಕಿದರು. ಟಿವಿಯಲ್ಲಿ ಹಾಡು ಕೇಳುವುದಕ್ಕಿಂತ ಒಂದು ಕ್ಷಣ ಮುಂಚೆಯೇ ಹೊರಗಿನಿಂದ ಸ್ಟೇಡಿಯಂನ ಹಾಡು ಪಬ್ ಒಳಗೆ ಬರುತ್ತಿತ್ತು. ಹೊರಗಿಂದ ಒಂದು ಸಾಲು, ಟಿವಿಯಿಂದ ಅದೇ ಸಾಲು.

ಮ್ಯಾಚ್ 3-1 ಸೋತರು. ಮುಗಿದ ಮೇಲೆ ಅವನು ಮೈಕ್ ಹಿಡಿದು ಮಾತಾಡಿದ. ಈ ದಿನಕ್ಕೆ ಹೆದರುತ್ತಿದ್ದೆ, ಇದನ್ನೆಲ್ಲಾ ತುಂಬಾ ನೆನಪಿಸಿಕೊಳ್ಳುತ್ತೇನೆ ಅಂದ. ನನಗೆ ಅಳು ಬಂತು ಅಪ್ಪ. ಪಬ್‌ನಲ್ಲಿ ಅಳದವರನ್ನು ಹುಡುಕಬೇಕಿತ್ತು.

ಕೊನೆಯ ಮ್ಯಾಚ್ ಮೊನ್ನೆ ಭಾನುವಾರ, ಸ್ಟೋಕ್‌ನಲ್ಲಿ. 6-1 ಸೋತರು. ಲಿವರ್‌ಪೂಲ್ ಮೇಲೆ ಆರು ಗೋಲು ಬಿದ್ದಿದ್ದು 1963ರ ನಂತರ ಇದೇ ಮೊದಲು. ಆ ಒಂದು ಗೋಲು ಹೊಡೆದವನು ಜೆರಾರ್ಡ್. ಎದುರಾಳಿಯ ಅಭಿಮಾನಿಗಳೂ ಎದ್ದು ಚಪ್ಪಾಳೆ ತಟ್ಟಿದರು. ಒಟ್ಟು 710 ಮ್ಯಾಚ್, 186 ಗೋಲು. ಲೀಗ್ ಮಾತ್ರ ಒಮ್ಮೆಯೂ ಸಿಗಲಿಲ್ಲ. ಶನಿವಾರ ಅವನಿಗೆ 35 ತುಂಬುತ್ತದೆ, ಅವತ್ತೇ ವೆಂಬ್ಲಿಯಲ್ಲಿ ಎಫ್‌ಎ ಕಪ್ ಫೈನಲ್. ಏಪ್ರಿಲ್‌ನಲ್ಲಿ ಆಸ್ಟನ್ ವಿಲ್ಲಾ ಮೇಲೆ ಸೆಮಿಫೈನಲ್ ಗೆದ್ದಿದ್ದರೆ ಕಪ್ ಎತ್ತಿಯೇ ಹೋಗುತ್ತಿದ್ದನೇನೋ. ಆ ಸೋಲು ನನಗಿನ್ನೂ ಹೊಟ್ಟೆ ಉರಿಸುತ್ತದೆ.

ಇಲ್ಲಿ ವಾದ ಇನ್ನೂ ನಿಂತಿಲ್ಲ. ಈಗ ರಾಜರ್ಸ್‌ನನ್ನೇ ಕಳಿಸಬೇಕು ಅಂತ ಹೊಸ ಮಾತು ಶುರುವಾಗಿದೆ. ಕ್ಯಾಪ್ಟನ್ ಪಟ್ಟಿ ಹೆಂಡರ್ಸನ್ ತೋಳಿಗೆ ಹೋಗುತ್ತದೆ ಅನ್ನುತ್ತಾರೆ. ಓಡುತ್ತಾನೆ, ಕಷ್ಟಪಡುತ್ತಾನೆ, ನನಗೆ ಇಷ್ಟ. ಪೋರ್ಟರ್ ಹುಡುಗ ಮಾತ್ರ ಮೂಗು ಮುರಿಯುತ್ತಾನೆ.

ಅಂದ ಹಾಗೆ ಭಾನುವಾರ ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ, ಮೋಹನ್ ಬಗಾನ್ ಮ್ಯಾಚ್ ಇದೆಯಲ್ಲ. ಐ-ಲೀಗ್ ಯಾರಿಗೆ ಅಂತ ಅಲ್ಲೇ ತೀರ್ಮಾನ. ನೀವು, ಪುಟ್ಟ ಇಬ್ಬರೂ ಹೋಗಿ. ಟಿಕೆಟ್ ದುಡ್ಡು ನಾನು ಕಳಿಸುತ್ತೇನೆ, ಬೇಡ ಅನ್ನಬೇಡಿ. ಛೆಟ್ರಿ ಹೇಗೆ ಆಡಿದ, ಜನ ಎಷ್ಟು ಬಂದಿದ್ದರು, ಎಲ್ಲಾ ಬಿಡದೆ ಬರೆಯಿರಿ. ಮಳೆ ಬರಬಹುದು, ಕೊಡೆ ತೆಗೆದುಕೊಂಡು ಹೋಗಿ. ಬಿಪಿ ಮಾತ್ರೆ ಬೆಳಿಗ್ಗೆಯೇ ತೆಗೆದುಕೊಂಡು ಹೊರಡಿ.

ಅಮ್ಮನಿಗೆ ನಮಸ್ಕಾರ, ಪುಟ್ಟನಿಗೆ ಪ್ರೀತಿ.

ಇಂತಿ ನಿಮ್ಮ ಮಗಳು