ಕಿನ್ಸೆ ಥರದ ಪತ್ತೇದಾರಿಣಿ ನಮ್ಮಲ್ಲೂ ಬರ್ಲಿ

ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಲಿ ಪತ್ತೇದಾರಿ ಕಥೆ ಅಂದ್ರೆ ಬರೀ ಗಂಡಸ್ರದ್ದೇ ದರ್ಬಾರು. ಅಮೆರಿಕದ ಲೇಖಕಿ ಸೂ ಗ್ರಾಫ್ಟನ್ ಬರೆದ ಕಾದಂಬರಿಗಳ ಪತ್ತೇದಾರಿಣಿ ಕಿನ್ಸೆ ಮಿಲ್ಹೋನ್ ಬಗ್ಗೆನೂ ಒಂಚೂರು ಹಾಕಿ ಮಾರಾಯ್ರೆ. ಪುಸ್ತಕದ ಹೆಸರಿಗೊಂದು ಇಂಗ್ಲಿಷ್ ಅಕ್ಷರ, 1982ರಲ್ಲಿ ‘ಎ’ಯಿಂದ ಶುರುವಾಗಿ 2017ರಲ್ಲಿ ‘ವೈ’ ತನಕ ಬಂತು, ಅದೇ ವರ್ಷ ಲೇಖಕಿ ತೀರಿಕೊಂಡ್ರು, ‘ಝಡ್’ ಬರ್ಲೇ ಇಲ್ಲ, ಮನೆಯವ್ರು ಬೇರೆಯವ್ರ ಕೈಲಿ ಬರೆಸೋದಿಲ್ಲ ಅಂದ್ಬಿಟ್ರು, ಒಳ್ಳೇದೇ ಆಯ್ತು ಬಿಡಿ.

ಕಿನ್ಸೆ ಎರಡು ಸಲ ಡಿವೋರ್ಸ್ ಆದವಳು, ಉಗುರು ಕತ್ತರಿಲಿ ತನ್ನ ಕೂದ್ಲು ತಾನೇ ಕತ್ತರಿಸ್ಕೋತಾಳೆ, ಗ್ಯಾರೇಜನ್ನ ಮನೆ ಮಾಡಿದ ಪುಟ್ಟ ಜಾಗದಲ್ಲಿ ಬಾಡಿಗೆಗಿದ್ದಾಳೆ, ಓನರ್ ಹೆನ್ರಿ 80 ದಾಟಿದ ರಿಟೈರ್ಡ್ ಬೇಕರಿಯವ. ಸಿಕ್ಕ ಸುಳಿವೆಲ್ಲ ಸಣ್ಣ ಕಾರ್ಡಲ್ಲಿ ಬರೆದಿಟ್ಟು, ಕೇಸು ಕಗ್ಗಂಟಾದಾಗ ಇಸ್ಪೀಟ್ ಎಲೆ ಹಂಗೆ ಹಿಂದೆಮುಂದೆ ಮಾಡಿ ನೋಡ್ತಾಳೆ. ಕಥೆಯೊಳಗೆ ಕಾಲ 1980ರ ದಶಕದಲ್ಲೇ ನಿಂತದ್ದು, ಮೊಬೈಲಿಲ್ಲ, ಗೂಗಲ್ಲಿಲ್ಲ, ಹಳೇ ದಾಖಲೆ ಕೆದಕ್ಬೇಕು, ಬಾಗ್ಲು ತಟ್ಟಿ ಜನ್ರ ಹತ್ರ ಮಾತಾಡಿಸ್ಬೇಕು. ಕೊಲೆಗಾರ ಯಾರು ಅನ್ನೋದಕ್ಕಿಂತ ನಂಗೆ ಇದೇ ರುಚಿ (ಕೊನೇ ಪುಟ ಮೊದ್ಲೇ ನೋಡೋ ನಮ್ಮನೆಯವ್ರಿಗೆ ಇದು ಅರ್ಥ ಆಗೂದಿಲ್ಲ).

ಎನ್. ನರಸಿಂಹಯ್ಯನವ್ರ ಪತ್ತೇದಾರ ಪುರುಷೋತ್ತಮನ್ನ ಮೆಚ್ಚಿದ ಕನ್ನಡದವ್ರಿಗೆ ಹೆಣ್ಣು ಪತ್ತೇದಾರಿ ಹಿಡಿಸ್ದೇ ಇರ್ತಾಳಾ? ಶಿರಸಿ ಅಡಿಕೆ ವಖಾರಿಲೋ ಕಾರವಾರದ ಬಂದರಲ್ಲೋ ಸುಳಿವು ಹುಡುಕೋಳನ್ನ ಯಾರಾದ್ರೂ ಬರೆದು ಕಳಿಸಿದ್ರೆ ಧಾರಾವಾಹಿ ಮಾಡಿ ಹಾಕಿ, ವಾರವಾರ ಕಾಯ್ತೇವೆ.

– ನಿಮ್ಮ ಓದುಗಳು, ಶಿರಸಿ